ಫ್ಲಾಪಿಯ ಅಳತೆಯ ಆಟಗಳು: ಕೃಷ್ಣಾ ತೀರದ ಊರುಗಳಿಗೆ ಗಣಕದ ಆಟ ಬಂದ ದಾರಿ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಕುಡಚಿಯು ಕೃಷ್ಣಾ ನದಿಯ ದಂಡೆಯ ಮೇಲಿರುವ ರೈಲ್ವೆ ಪಟ್ಟಣ. ಮಿರಜಿನಿಂದ ಹೊರಟ ಗಾಡಿಯು ಶೇಡಬಾಳ, ಉಗಾರ ಖುರ್ದಗಳನ್ನು ಹಾದು, ನದಿಯನ್ನು ದಾಟಿ ಕುಡಚಿಗೆ ಬರುತ್ತದೆ. ಮುಂದೆ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾಗಳ ಮೂಲಕ ಬೆಳಗಾವಿಯನ್ನು ಸೇರುತ್ತದೆ. ಈ ಮಾರ್ಗದ ಊರುಗಳ ವಿದ್ಯಾರ್ಥಿಗಳು ಹೆಚ್ಚಿನ ಓದಿಗಾಗಿ ಒಂದು ಕಡೆ ಸಾಂಗ್ಲಿ, ಕೊಲ್ಹಾಪುರಗಳಿಗೂ ಇನ್ನೊಂದು ಕಡೆ ಬೆಳಗಾವಿ, ಹುಬ್ಬಳ್ಳಿಗಳಿಗೂ ಹೋಗಿಬರುವುದು ಬಹುಕಾಲದ ರೂಢಿ. ಗಣಕಯಂತ್ರದ ಆಟಗಳು ಈ ಭಾಗಕ್ಕೆ ಬಂದ ಬಗೆಯನ್ನು ಅರಿಯಲು ಇಂಥ ಓಡಾಟವನ್ನೇ ಮೊದಲು ಗಮನಿಸಬೇಕು. ವಿಎಸ್‌ಎನ್‌ಎಲ್ ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ತೆರೆದಾಗ ಅದು ಮಹಾನಗರಗಳಿಗೆ ಸೀಮಿತವಾಗಿತ್ತು. ತಾಲೂಕು ಸ್ಥಳಗಳಿಗೆ ತಂತಿಯ ಮೂಲಕ ಆಟ ಇಳಿದುಬರುವ ಕಾಲ ಇನ್ನೂ ದೂರವಿತ್ತು. ಆದುದರಿಂದ ಆಟವು ಮನುಷ್ಯರ ಕೈಯಲ್ಲಿ, ಅಂಗಿಯ ಜೇಬಿನಲ್ಲಿ, ಪುಸ್ತಕದ ಹಾಳೆಗಳ ನಡುವೆ ಪಯಣಿಸಬೇಕಾಯಿತು. ಯಾವ ಆಟಗಳು ಒಂದು ತಲೆಮಾರಿನ ನೆನಪಿನಲ್ಲಿ ಉಳಿದವು ಎಂಬುದನ್ನು ಆಟಗಳ ಗುಣಕ್ಕಿಂತ ಹೆಚ್ಚಾಗಿ, ಅವನ್ನು ಹೊತ್ತು ತಂದ ಸಾಧನದ ಅಳತೆಯೇ ನಿರ್ಧರಿಸಿತು.

ಯಂತ್ರದಿಂದ ಬಿಡಿಸಿ ಬೇರೆಡೆಗೆ ಒಯ್ಯಬಹುದಾದ ಸಂಗ್ರಹ ಸಾಧನಗಳಲ್ಲಿ ಮನೆಗಣಕಗಳ ಕಾಲದಲ್ಲಿ ಮೊದಲು ಬಳಕೆಗೆ ಬಂದುದು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟೇ. ಕೇಂದ್ರ ಸರಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಒದಗಿಸಿದ ಬಿಬಿಸಿ ಮೈಕ್ರೋ ಯಂತ್ರವೂ, 1988ರಲ್ಲಿ ಡೆಸಿಬೆಲ್ಸ್ ಕಂಪನಿಯು ಪರವಾನಗಿ ಪಡೆದು ಭಾರತದಲ್ಲಿ ಮಾರಿದ ಸ್ಪೆಕ್ಟ್ರಮ್ ಯಂತ್ರವೂ ಕ್ಯಾಸೆಟ್ಟಿನಿಂದ ಕಾರ್ಯಕ್ರಮಗಳನ್ನು ಓದಬಲ್ಲವಾಗಿದ್ದವು. ಆಟದ ಪ್ರತಿಯೊಂದು ಅಂಕೆಯೂ ಧ್ವನಿಯಾಗಿ ಟೇಪಿನಲ್ಲಿ ಅಚ್ಚಾಗಿರುತ್ತಿದ್ದುದರಿಂದ, ಸ್ಪೆಕ್ಟ್ರಮ್‌ನಲ್ಲಿ ಒಂದು ಆಟ ತೆರೆದುಕೊಳ್ಳಲು ಹಲವು ನಿಮಿಷ ಕರ್ಕಶ ಸದ್ದನ್ನು ಕೇಳುತ್ತ ಕಾಯಬೇಕಿತ್ತು. ಧ್ವನಿಯ ಮಟ್ಟ ತುಸು ಹೆಚ್ಚುಕಡಿಮೆಯಾದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ನಿಜವಾದ ಬದಲಾವಣೆಯನ್ನು ತಂದುದು ಫ್ಲಾಪಿ, ಅಂದರೆ ಕಾಂತೀಯ ಲೇಪವುಳ್ಳ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಚೌಕಾಕಾರದ ಕವಚದೊಳಗೆ ಇರಿಸಿದ ಸಾಧನ. ಐದೂಕಾಲು ಅಂಗುಲದ ಬಾಗುವ ಫ್ಲಾಪಿಯಲ್ಲಿ 360 ಕೆಬಿ, ಅದರ ಸುಧಾರಿತ ರೂಪದಲ್ಲಿ 1.2 ಎಂಬಿ, ಮೂರೂವರೆ ಅಂಗುಲದ ಗಟ್ಟಿ ಕವಚದ ಫ್ಲಾಪಿಯಲ್ಲಿ 1.44 ಎಂಬಿ ಮಾಹಿತಿ ಹಿಡಿಯುತ್ತಿತ್ತು. ಆಗಿನ ಗಣಕ ಪ್ರಯೋಗಾಲಯಗಳ ಎಷ್ಟೋ ಯಂತ್ರಗಳಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲವಾದ್ದರಿಂದ, ಯಂತ್ರವನ್ನು ನಡೆಸುವ ಡಾಸ್ ಎಂಬ ಮೂಲ ತಂತ್ರಾಂಶವನ್ನೂ ಫ್ಲಾಪಿಯಿಂದಲೇ ಎಬ್ಬಿಸಿ, ಬಳಿಕ ಅದನ್ನು ತೆಗೆದು ಆಟದ ಫ್ಲಾಪಿಯನ್ನು ತೂರಿಸಿ, ಆಟದ ಹೆಸರನ್ನು ಕೀಲಿಮಣೆಯಲ್ಲಿ ಬರೆದು ಎಂಟರ್ ಒತ್ತಬೇಕಿತ್ತು. ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ, ಆಡಿದ ಗುರುತನ್ನೂ ಉಳಿಸದೆ, ಒಯ್ಯುವ ಸಾಧನದಿಂದಲೇ ಆಟ ನಡೆಸುವ ಪದ್ಧತಿಗೆ ಇದೇ ಮೂಲ.

ಭಾರತದ ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಮನೆಮಾತಾದ ಆಟಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಿದರೆ ಒಂದು ಸಾಮ್ಯ ಎದ್ದುಕಾಣುತ್ತದೆ. 1983ರ ‘ಡಿಗ್ಗರ್’, ಜಾನ್ ರೊಮೆರೊ 1988ರಲ್ಲಿ ಆ್ಯಪಲ್ 2 ಯಂತ್ರಕ್ಕೆಂದು ಬರೆದ, 1990ರ ಹೊತ್ತಿಗೆ ಡಾಸ್‌ಗೆ ಬಂದ ‘ಡೇಂಜರಸ್ ಡೇವ್’, ಜೋರ್ಡಾನ್ ಮೆಕ್ನರ್ 1989ರಲ್ಲಿ ರಚಿಸಿದ, ಮರುವರ್ಷ ಡಾಸ್‌ಗೆ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಇವೆಲ್ಲವೂ ಒಂದೇ ಫ್ಲಾಪಿಯಲ್ಲಿ ಹಿಡಿಸುವಂಥವು. ಡಾಸ್‌ನ 640 ಕೆಬಿ ಸ್ಮೃತಿಯ ಮಿತಿಯೊಳಗೆ ನಡೆಯುವಂಥವು. ಮೌಸ್ ಇಲ್ಲದೆ, ಧ್ವನಿಯ ಕಾರ್ಡ್ ಇಲ್ಲದೆ, ಕೀಲಿಮಣೆಯ ಬಾಣದ ಗುರುತುಗಳಿಂದಲೂ ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನ ಕೀರಲು ದನಿಯಿಂದಲೂ ತೃಪ್ತಿಪಡುವಂಥವು. ಅದೇ ಕಾಲದ ದೊಡ್ಡ ಆಟಗಳು ಹತ್ತಾರು ಫ್ಲಾಪಿಗಳನ್ನು ಬೇಡುತ್ತಿದ್ದವು. ಅಂಥವನ್ನು 1991ರಲ್ಲಿ ಬಂದ ಎಆರ್‌ಜೆ ಎಂಬ ತಂತ್ರಾಂಶದಿಂದ ಕುಗ್ಗಿಸಿ, ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಫ್ಲಾಪಿಗೆ ತುಂಬುವ ಉಪಾಯವೇನೋ ಇತ್ತು. ಆದರೆ ಇಡೀ ಕಟ್ಟಿನಲ್ಲಿ ಒಂದು ಬಿಲ್ಲೆಯ ಒಂದು ಪಟ್ಟಿ ಧೂಳಿಗೋ ಬೂಷ್ಟಿಗೋ ಕೆಟ್ಟಿದ್ದರೂ ಪರದೆಯ ಮೇಲೆ ‘ಅಬಾರ್ಟ್, ರಿಟ್ರೈ, ಫೇಲ್’ ಎಂಬ ಪ್ರಶ್ನೆ ಮೂಡಿ ಅಷ್ಟೂ ಶ್ರಮ ವ್ಯರ್ಥವಾಗುತ್ತಿತ್ತು. ಪ್ರತಿ ಮಾಡಿಕೊಟ್ಟ ಯಂತ್ರ ಐವತ್ತು ಮೈಲಿಯಾಚೆಯ ಊರಿನಲ್ಲಿದ್ದವರಿಗೆ ಈ ನಷ್ಟ ಸಣ್ಣದಲ್ಲ. ಕೆಟ್ಟ ಒಂದು ತುಂಡಿಗಾಗಿ ಮುಂದಿನ ಪ್ರಯಾಣದವರೆಗೆ ಕಾಯಬೇಕಾಗುತ್ತಿತ್ತು. ಸಣ್ಣ ಆಟಗಳು ಬಾಳಿದ್ದಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

‘ಪ್ರಿನ್ಸ್ ಆಫ್ ಪರ್ಷಿಯಾ’ದ ಒಂದು ಕೋಣೆಯನ್ನು ಇಲ್ಲಿ ವಿಶೇಷವಾಗಿ ನೋಡಬೇಕು. ಅರವತ್ತು ನಿಮಿಷಗಳ ಗಡುವಿನಲ್ಲಿ ಸಾಗುವ ಈ ಆಟದ ಡಾಸ್ ರೂಪದಲ್ಲಿ, ಮೊದಲ ಹಂತ ಮುಗಿದೊಡನೆ ಅಕ್ಷರಗಳನ್ನು ಹೊತ್ತ ಔಷಧದ ಕುಪ್ಪಿಗಳಿರುವ ಕೋಣೆಯೊಂದು ಎದುರಾಗುತ್ತದೆ. ಆಟದೊಂದಿಗೆ ಮಾರುತ್ತಿದ್ದ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಅದರ ಕುಪ್ಪಿಯನ್ನೇ ಕುಡಿಯಬೇಕೆಂದು ಪರದೆ ಹೇಳುತ್ತದೆ. ಹಣ ಕೊಟ್ಟು ಕೊಂಡವನನ್ನು ಗುರುತಿಸುವ ಕಾವಲು ಇದು. ಫ್ಲಾಪಿಯಿಂದ ಫ್ಲಾಪಿಗೆ ದಾಟಿಬಂದ ಪ್ರತಿಗೆ ಕೈಪಿಡಿ ಎಲ್ಲಿಂದ ಬರಬೇಕು? ಕಾವಲನ್ನು ಮುರಿದ ಪ್ರತಿ ದೊರೆಯದವನಿಗೆ ಊಹೆಯೊಂದೇ ದಾರಿ. ಮೂಲ ಪೆಟ್ಟಿಗೆಯನ್ನು ಮಾರುವ ಅಂಗಡಿ ಸುತ್ತಮುತ್ತ ಇಲ್ಲದ ಊರಿನಲ್ಲಿ ಪ್ರತಿ ಮಾಡುವುದು ಸಹಜ ವ್ಯವಹಾರವೆನಿಸಿದ್ದರೂ ಕಾನೂನಿನ ದೃಷ್ಟಿ ಬೇರೆಯೇ ಆಗಿತ್ತು. 1957ರ ಹಕ್ಕುಸ್ವಾಮ್ಯ ಕಾಯಿದೆಯ ವ್ಯಾಪ್ತಿಗೆ 1984ರ ತಿದ್ದುಪಡಿಯು ಗಣಕದ ಕಾರ್ಯಕ್ರಮಗಳನ್ನೂ ತಂದಿತು. 1994ರ ತಿದ್ದುಪಡಿಯು ಕಳ್ಳಪ್ರತಿಯೆಂದು ತಿಳಿದೂ ಬಳಸುವುದನ್ನು ಅಪರಾಧವೆಂದು ಸಾರಿತು. ಹಂಚಲೆಂದೇ ಬಿಡುಗಡೆಯಾದ ಆಟಗಳೂ ಇದ್ದವೆಂಬುದನ್ನು ಮರೆಯಬಾರದು: ಮೊದಲ ಭಾಗವನ್ನು ಉಚಿತವಾಗಿ ಹಂಚಿ, ಮುಂದಿನವನ್ನು ಮಾರುವ ‘ಶೇರ್‌ವೇರ್’ ಪದ್ಧತಿಯಲ್ಲಿ, 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಎರಡು ಫ್ಲಾಪಿಗಳಲ್ಲಿ ಲೋಕವನ್ನೆಲ್ಲ ಸುತ್ತಿತು.

ಆಟದ ಜೊತೆಗೆ ಬೇಡದ ಅತಿಥಿಯೂ ಬಂದಿತು. ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿದ್ದು, ಅದರಿಂದ ಯಂತ್ರ ಎಬ್ಬಿಸಿದೊಡನೆ ಸ್ಮೃತಿಗೆ ಏರಿ, ಮುಂದೆ ತೂರಿಸಿದ ಫ್ಲಾಪಿಗಳಿಗೆಲ್ಲ ಅಂಟುವ ಪುಟ್ಟ ಕಾರ್ಯಕ್ರಮಗಳೇ ಬೂಟ್ ವೈರಸ್ಸುಗಳು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ‘ಬ್ರೇನ್’ ಇವುಗಳಲ್ಲಿ ಹೆಸರಾದುದು. 1990ರಲ್ಲಿ ಭಾರತದಲ್ಲೇ ಪತ್ತೆಯಾದ ‘ಜೋಶಿ’ ಎಂಬುದು ಪ್ರತಿ ಜನವರಿ 5ರಂದು ಯಂತ್ರವನ್ನು ನಿಲ್ಲಿಸಿ, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಬಳಸುವವನು ಬರೆಯುವವರೆಗೂ ಬಿಡುತ್ತಿರಲಿಲ್ಲ. ಐದೂಕಾಲು ಅಂಗುಲದ ಫ್ಲಾಪಿಯ ಅಂಚಿನ ಕಚ್ಚಿಗೆ ಚೀಟಿ ಅಂಟಿಸಿದರೆ, ಮೂರೂವರೆಯದರ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿ ತೆರೆದರೆ, ಅದರ ಮೇಲೆ ಏನೂ ಬರೆಯಲಾಗದಂತೆ ರಕ್ಷಣೆ ದೊರೆಯುತ್ತಿತ್ತು. ಹಾಗಿದ್ದರೂ ಹೊರಗಿನ ಫ್ಲಾಪಿ ತರಕೂಡದೆಂಬ ನಿಯಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಯಿತು. ಕಟ್ಕರ್ ಸಹೋದರರು ಪುಣೆಯಲ್ಲಿ ಗಣಕ ದುರಸ್ತಿಯ ಕಸುಬಿನಿಂದ ಹೊರಟು, 1990ರ ದಶಕದ ಮಧ್ಯದಲ್ಲಿ ‘ಕ್ವಿಕ್ ಹೀಲ್’ ಎಂಬ ವೈರಸ್ ನಿವಾರಕವನ್ನು ರೂಪಿಸಿದ್ದು ಫ್ಲಾಪಿಗಳ ಈ ಎಡೆಬಿಡದ ಕೈಬದಲಾವಣೆಯ ಕಾಲದಲ್ಲೇ ಎಂಬುದು ಗಮನಾರ್ಹ.

2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯು ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ತಂದಿತು. ಅಷ್ಟರಲ್ಲಿ ವಿಂಡೋಸ್ ಮತ್ತು ಸಿಡಿಗಳ ಕಾಲ ಬಂದಿತ್ತು. ಒಂದು ಸಿಡಿಯಲ್ಲಿ ಸುಮಾರು 450 ಫ್ಲಾಪಿಗಳಷ್ಟು ಸರಕು ಹಿಡಿಯುತ್ತಿದ್ದುದರಿಂದ, ನೂರಾರು ಹಳೆಯ ಆಟಗಳು ಒಂದೇ ಬಿಲ್ಲೆಯಲ್ಲಿ ಸೇರಿಕೊಂಡವು.

ಸಿಂಗಪುರದ ಟ್ರೆಕ್ ಕಂಪನಿಯೂ ಐಬಿಎಂ ಕಂಪನಿಯೂ 2000ದಲ್ಲಿ ಮಾರುಕಟ್ಟೆಗೆ ತಂದ ಯುಎಸ್‌ಬಿ ಸಂಗ್ರಹ ಸಾಧನ, ಅಂದರೆ ನಮ್ಮ ಪೆನ್ ಡ್ರೈವ್, ಮೊದಮೊದಲು ಕೇವಲ 8 ಎಂಬಿಯದಾಗಿತ್ತು. ದಶಕ ತುಂಬುವುದರೊಳಗೆ ಅದು ವಿದ್ಯಾರ್ಥಿಗಳ ಕೊರಳ ದಾರಕ್ಕೂ ಕೀಲಿಗೊಂಚಲಿಗೂ ಬಂದು ಸೇರಿತು. ಸಾಧನ ಸಿಕ್ಕಿದರೂ ಹಳೆಯ ಆಟಗಳಿಗೆ ಯಂತ್ರ ಸಿಗದಾಯಿತು. ಹೊಸ ವಿಂಡೋಸ್‌ನಲ್ಲಿ ಡಾಸ್ ಆಟಗಳು ತಡವರಿಸಿದವು. 64 ಬಿಟ್‌ನ ವಿಂಡೋಸ್ ಅವನ್ನು ನಡೆಸಲು ಪೂರ್ತಿ ನಿರಾಕರಿಸಿತು. 2002ರಲ್ಲಿ ಮೊದಲು ಬಿಡುಗಡೆಯಾದ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶವು ಹಳೆಯ ಯಂತ್ರದ ಸಂಸ್ಕಾರಕ, ಪರದೆ, ಧ್ವನಿ ಎಲ್ಲವನ್ನೂ ಹೊಸ ಯಂತ್ರದೊಳಗೆ ಅನುಕರಿಸಿ ಈ ಕೊರತೆಯನ್ನು ನೀಗಿತು. ಅದನ್ನೂ ಆಟದ ಕಡತಗಳನ್ನೂ ಪೆನ್ ಡ್ರೈವಿನಲ್ಲಿಟ್ಟು, ಆಟವಿರುವ ಜಾಗವನ್ನು ‘ಮೌಂಟ್’ ಆಜ್ಞೆಯಿಂದ ಸಿ ಡ್ರೈವ್ ಎಂದು ತೋರಿಸಿದರೆ, ಯಾವ ಯಂತ್ರದಲ್ಲೂ ಏನನ್ನೂ ಸ್ಥಾಪಿಸದೆ ಡೇವ್ ಮತ್ತೆ ಓಡುತ್ತಾನೆ. ಯಂತ್ರದ ವೇಗವನ್ನೇ ನೆಚ್ಚಿ ಬರೆದ ಹಳೆಯ ಆಟಗಳು ಅತಿವೇಗದಲ್ಲಿ ಕೈಮೀರಿದಾಗ, ಹಿಂದೆ ಪೆಟ್ಟಿಗೆಯ ಮೇಲಿನ ‘ಟರ್ಬೊ’ ಗುಂಡಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಂಟ್ರೋಲ್ ಮತ್ತು ಎಫ್ 11 ಕೀಲಿಗಳು ಮಾಡುತ್ತವೆ. ವೈರಸ್ಸುಗಳೂ ಹಳೆಯ ಹಾದಿಯನ್ನೇ ಹಿಡಿದವು: ಪೆನ್ ಡ್ರೈವ್ ಚುಚ್ಚಿದೊಡನೆ ತಾನಾಗಿ ಚಾಲೂ ಆಗುವ ‘ಆಟೊರನ್’ ಸೌಲಭ್ಯವನ್ನು ಅವು ಬಳಸಿಕೊಂಡವು, ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ತಡೆಯುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ 2011ರಲ್ಲಿ ಎಲ್ಲರಿಗೂ ಕಳುಹಿಸಿತು.

ಆಟಗಳ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಕಾಲಾವಕಾಶ ಹೆಚ್ಚಿಲ್ಲ. ಫ್ಲಾಪಿಯ ಕಾಂತೀಯ ಲೇಪ ದಶಕಗಳಲ್ಲಿ ಶಕ್ತಿಗುಂದುತ್ತದೆ. ಮೆಕ್ನರ್ ಅವರ ಆಟದ ಮೂಲ ಸಂಕೇತವಿದ್ದ ಫ್ಲಾಪಿಗಳು ಹಳೆಯ ಪೆಟ್ಟಿಗೆಯೊಂದರಲ್ಲಿ 2012ರಲ್ಲಿ ಸಿಕ್ಕಾಗ, ತಜ್ಞರ ನೆರವಿನಿಂದ ಅವನ್ನು ಓದಿ ಸಾರ್ವಜನಿಕರಿಗೆ ಒದಗಿಸಲು ಸಾಧ್ಯವಾದುದು ಭಾಗ್ಯವೇ ಸರಿ. ಅಥಣಿ, ನಿಪ್ಪಾಣಿ, ಕಾಗವಾಡ, ಕುಡಚಿಗಳ ಮನೆಗಳ ಅಟ್ಟದಲ್ಲೂ ಕಾಲೇಜುಗಳ ಕಪಾಟಿನಲ್ಲೂ ಉಳಿದಿರಬಹುದಾದ ಬಿಲ್ಲೆಗಳ ಮೇಲೆ ಕೈಬರಹದ ಚೀಟಿಗಳಿರುತ್ತವೆ. ಯಾರಿಂದ ಯಾರಿಗೆ, ಯಾವ ಊರಿನಿಂದ ಯಾವ ಊರಿಗೆ ಆಟ ದಾಟಿತು ಎಂಬುದಕ್ಕೆ ಆ ಚೀಟಿಗಳಷ್ಟು ನಂಬಲರ್ಹ ದಾಖಲೆ ಬೇರೆ ಸಿಗಲಾರದು. ಮೂರೂವರೆ ಅಂಗುಲದವನ್ನು ಯುಎಸ್‌ಬಿಗೆ ಜೋಡಿಸುವ ಡ್ರೈವಿನಿಂದ ಇಂದಿಗೂ ಓದಬಹುದು. ಐದೂಕಾಲು ಅಂಗುಲದವಕ್ಕೆ ಹಳೆಯ ಡ್ರೈವನ್ನೇ ಹುಡುಕಿ, ಗ್ರೀಸ್‌ವೀಸಲ್‌ನಂಥ ಮಧ್ಯವರ್ತಿ ಫಲಕದ ಮೂಲಕ ಜೋಡಿಸಬೇಕು. ಬಿಲ್ಲೆಯನ್ನು ತೂರಿಸುವ ಮುನ್ನ ಬೂಷ್ಟು ಹಿಡಿದಿದೆಯೇ ಎಂದು ನೋಡಿಕೊಳ್ಳಬೇಕು, ಕಿಂಡಿ ತೆರೆದೋ ಕಚ್ಚಿಗೆ ಚೀಟಿ ಅಂಟಿಸಿಯೋ ಬರಹವನ್ನು ತಡೆಯಬೇಕು, ಓದುವುದಕ್ಕೂ ಮೊದಲು ಚೀಟಿಯ ಚಿತ್ರವನ್ನು ತೆಗೆದಿಡಬೇಕು.