ತಾಮ್ರದ ತಗಡಿನಲ್ಲಿ ಉಳಿದ ಹಡಗುಗಳು

ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಒಪ್ಪಂದಗಳು. ಆದರೆ ಒಂದು ನಾಡಿನ ಜನ ಯಾವ ದೋಣಿಯಲ್ಲಿ ಮೀನು ಹಿಡಿದರು, ಯಾವ ಹಡಗಿನಲ್ಲಿ ಸರಕು ಸಾಗಿಸಿದರು ಎಂಬುದೂ ಇತಿಹಾಸವೇ. 17ನೇ ಶತಮಾನದ ಹಾಲೆಂಡಿನ ಈ ಬದುಕನ್ನು ತಿಳಿಯಲು ಅಲ್ಲಿನ ಕಲಾವಿದರು ಮಾಡಿದ ಎಚ್ಚಿಂಗ್ ಚಿತ್ರಗಳು ಅಮೂಲ್ಯ ಆಧಾರಗಳಾಗಿವೆ.

ಎಚ್ಚಿಂಗ್ ಎಂದರೇನು? ನುಣುಪಾದ ತಾಮ್ರದ ತಗಡಿಗೆ ಮೇಣ ಮತ್ತು ರಾಳದ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಗೀಚಿ, ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಲೇಪ ಹೋದ ಕಡೆ ಮಾತ್ರ ಆಮ್ಲವು ತಾಮ್ರವನ್ನು ಕೊರೆಯುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ, ಆದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವುಮುರುವಾಗಿ! ತೈಲಚಿತ್ರ ಒಬ್ಬ ಶ್ರೀಮಂತನ ಗೋಡೆ ಸೇರಿದರೆ, ಒಂದೇ ತಗಡಿನಿಂದ ತೆಗೆದ ಅನೇಕ ಪ್ರತಿಗಳು ಸಾಧಾರಣ ಜನರ ಕೈಗೂ ತಲುಪಿದವು.

ಈ ಕಲಾವಿದರಲ್ಲಿ ಪ್ರಮುಖನು ಆಮ್‌ಸ್ಟರ್‌ಡಾಮಿನ ರೈನಿಯರ್ ನೋಮ್ಸ್ (ಸುಮಾರು 1623–1664). ಸ್ವತಃ ಸಮುದ್ರಯಾನ ಮಾಡಿದ್ದ ಆತ ತನ್ನ ಚಿತ್ರಗಳಿಗೆ 'ಝೇಮನ್' ಎಂದು ಸಹಿ ಹಾಕುತ್ತಿದ್ದನು. ಡಚ್ ಭಾಷೆಯಲ್ಲಿ ಅದರ ಅರ್ಥ ನಾವಿಕ. 1650ರ ದಶಕದಲ್ಲಿ ಆತ ಬಗೆಬಗೆಯ ಹಡಗುಗಳ ಚಿತ್ರಮಾಲೆಗಳನ್ನು ಹೊರತಂದನು. ಹಗ್ಗ, ಪಟ, ಕೂವೆಮರಗಳನ್ನು ಅವುಗಳ ಕೆಲಸ ಬಲ್ಲವನ ಕಣ್ಣಿನಿಂದಲೇ ಬಿಡಿಸಿದನು. ಲುಡೋಲ್ಫ್ ಬಾಕ್‌ಹೌಝೆನ್ ಎಂಬಾತ ತನ್ನ ಸಮುದ್ರ ದೃಶ್ಯಗಳ ಎಚ್ಚಿಂಗ್ ಮಾಲೆಯನ್ನು ಪ್ರಕಟಿಸಿದ್ದು 1701ರಲ್ಲಿ, ಸುಮಾರು 70ರ ವಯಸ್ಸಿನಲ್ಲಿ. ಮುಂದೆ 1789ರಲ್ಲಿ ರಾಟರ್‌ಡಾಮಿನ ಗೆರಿಟ್ ಗ್ರೂನೆವೇಗೆನ್ 84 ಚಿತ್ರಗಳ ಸಂಗ್ರಹವನ್ನೇ ಹೊರತಂದನು.

ಈ ಚಿತ್ರಗಳಲ್ಲಿ ಎರಡು ಬಗೆಯ ಹಡಗುಗಳನ್ನು ಗಮನಿಸಬೇಕು. ಮೊದಲನೆಯದು 'ಫ್ಲೈಟ್' ಎಂಬ ಸರಕು ಹಡಗು. ಸುಮಾರು 1595ರಲ್ಲಿ ಹೋರ್ನ್ ಪಟ್ಟಣದಲ್ಲಿ ರೂಪುಗೊಂಡ ಇದಕ್ಕೆ ಅಗಲವಾದ ಹೊಟ್ಟೆ, ಕಿರಿದಾದ ಮೇಲ್ಭಾಗ. ಕೆಲವೇ ನಾವಿಕರು ಸಾಕಾಗುತ್ತಿದ್ದುದರಿಂದ ಸಾಗಾಟದ ಖರ್ಚು ಇಳಿಯಿತು. ಬಾಲ್ಟಿಕ್ ತೀರದ ಧಾನ್ಯ ಮತ್ತು ಮರದ ವ್ಯಾಪಾರದಲ್ಲಿ ಡಚ್ಚರು ಮುಂದಾಗಲು ಇದೂ ಒಂದು ಕಾರಣ. ಎರಡನೆಯದು 'ಬೌಸ್' ಎಂಬ ಮೀನುಗಾರಿಕೆಯ ಹಡಗು. ನಮ್ಮ ಕರಾವಳಿಯ ಬೂತಾಯಿಯನ್ನು ಹೋಲುವ ಹೆರಿಂಗ್ ಮೀನನ್ನು ರಾತ್ರಿ ಉದ್ದನೆಯ ಬಲೆಗಳಿಂದ ಹಿಡಿದು, ಹಡಗಿನಲ್ಲೇ ಕರುಳು ತೆಗೆದು, ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಹೀಗಾಗಿ ವಾರಗಟ್ಟಲೆ ದಡಕ್ಕೆ ಬರದೆ ದುಡಿಯಲು ಸಾಧ್ಯವಾಯಿತು. ಬೆಸ್ತರ ಈ ಹಡಗಿಗೂ ಯುದ್ಧನೌಕೆಗೂ ಕಲಾವಿದರು ಒಂದೇ ಶ್ರದ್ಧೆ ತೋರಿದ್ದಾರೆ.

ಆದರೆ ವಿದ್ಯಾರ್ಥಿಗಳು ಮತ್ತೊಂದು ವಿಷಯವನ್ನೂ ನೆನಪಿಡಬೇಕು. ಚಿತ್ರ ಎಷ್ಟೇ ನಿಖರವಾಗಿದ್ದರೂ ಎಲ್ಲವನ್ನೂ ಹೇಳುವುದಿಲ್ಲ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಸುಮಾರು ಎರಡು ಶತಮಾನಗಳಲ್ಲಿ ಯುರೋಪಿನಿಂದ ಏಷ್ಯಾಕ್ಕೆ ಹೊರಟವರು ಹತ್ತಿರ ಹತ್ತಿರ 10 ಲಕ್ಷ ಜನ. ಹಿಂದಿರುಗಿದವರು ಅದರ ಅರ್ಧಕ್ಕಿಂತಲೂ ಕಡಿಮೆ. 1621ರಲ್ಲಿ ಜಾಯಿಕಾಯಿಯ ಆಸೆಗಾಗಿ ಇದೇ ಕಂಪನಿ ಬಾಂಡಾ ದ್ವೀಪಗಳ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿತು, ಉಳಿದವರಲ್ಲಿ ಅನೇಕರನ್ನು ಗುಲಾಮರನ್ನಾಗಿಸಿತು. ಬಂದರಿನಲ್ಲಿ ಪಟ ಬಿಚ್ಚಿ ನಿಂತ ಸುಂದರ ಹಡಗಿನ ಚಿತ್ರದಲ್ಲಿ ಈ ನೋವು ಕಾಣುವುದಿಲ್ಲ. ಅದಕ್ಕಾಗಿ ದಾಖಲೆ ಪತ್ರಗಳನ್ನು ಓದಬೇಕಾಗುತ್ತದೆ.

ಈ ಕಂಪನಿ ನಮ್ಮ ಕರಾವಳಿಯ ಬಸರೂರಿನಲ್ಲೂ ವ್ಯಾಪಾರದ ಕೋಠಿಯನ್ನು ಹೊಂದಿತ್ತು. ಆದ್ದರಿಂದ ಇದು ನಮಗೆ ತೀರಾ ದೂರದ ಕಥೆಯೇನಲ್ಲ. ಇಂದು ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ ಇಂಥ ಅನೇಕ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ. ವಿದ್ಯಾರ್ಥಿಗಳು ಅವನ್ನು ನೋಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಲಿ: ಈ ಚಿತ್ರ ಏನನ್ನು ತೋರಿಸುತ್ತಿದೆ? ಏನನ್ನು ಬಿಟ್ಟಿದೆ? ಈ ಎರಡನ್ನೂ ಕೇಳಲು ಕಲಿತವನೇ ಇತಿಹಾಸದ ನಿಜವಾದ ವಿದ್ಯಾರ್ಥಿ.