ಕೆಂಪೆಲ್ಲ ಮಾಣಿಕ್ಯವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಹರಳಿನ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಮಾತು ಆ ಎಚ್ಚರವನ್ನು ಮರೆಯುತ್ತದೆ. ಕನ್ನಡದಲ್ಲಿ ‘ಕೆಂಪು’ ಎಂದರೆ ಬಣ್ಣವೂ ಹೌದು, ಮಾಣಿಕ್ಯವೂ ಹೌದು. ಅಜ್ಜಿಯ ಕೆಂಪಿನ ಓಲೆಯಲ್ಲಿರುವುದು ನಿಜಕ್ಕೂ ಯಾವ ಹರಳು ಎಂದು ಮಾರುವ ಅಥವಾ ಅಡವಿಡುವ ದಿನದವರೆಗೆ ಯಾರೂ ಕೇಳುವುದಿಲ್ಲ.

ಈ ಗೊಂದಲ ಬ್ರಿಟನ್ನಿನ ರಾಜಮನೆತನವನ್ನೂ ಬಿಟ್ಟಿಲ್ಲ. ಅವರ ಇಂಪೀರಿಯಲ್ ಸ್ಟೇಟ್ ಕಿರೀಟದ ಮುಂಭಾಗದಲ್ಲಿ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಇದೆ. ಅವರ ಸಂಗ್ರಹದಲ್ಲೇ ಸುಮಾರು 352 ಕ್ಯಾರೆಟ್ಟಿನ ‘ತೈಮೂರ್ ರೂಬಿ’ಯೂ ಇದೆ. ಇವೆರಡೂ ಮಾಣಿಕ್ಯಗಳಲ್ಲ, ಸ್ಪಿನೆಲ್ ಎಂಬ ಬೇರೆಯೇ ಹರಳುಗಳು. ತೈಮೂರ್ ರೂಬಿಯ ಮೇಲೆ ಜಹಾಂಗೀರ್, ಷಹಜಹಾನ್ ಮೊದಲಾದವರ ಹೆಸರುಗಳಿವೆ. 1739ರಲ್ಲಿ ದೆಹಲಿಯನ್ನು ಲೂಟಿ ಮಾಡಿದ ನಾದಿರ್ ಷಾ ಅದನ್ನು ಒಯ್ದು ತನ್ನ ಹೆಸರನ್ನೂ ಕೆತ್ತಿಸಿದ. ಮುಂದೆ ಅದು ಲಾಹೋರಿನ ಸಿಖ್ ಖಜಾನೆ ಸೇರಿತು. 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾದ ಮೇಲೆ, 1851ರಲ್ಲಿ ಕಂಪನಿ ಅದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಿತು.

ಹಾಗಾದರೆ ಮೊಗಲರು ಮೋಸಹೋಗಿದ್ದರೇ? ಇಲ್ಲ. ಅವರ ಪರ್ಷಿಯನ್ ಭಾಷೆಯಲ್ಲಿ ಮಾಣಿಕ್ಯಕ್ಕೆ ‘ಯಾಕೂತ್’, ಈ ಹರಳಿಗೆ ‘ಲಾಲ್’ ಎಂಬ ಬೇರೆ ಬೇರೆ ಹೆಸರುಗಳಿದ್ದವು. ಲಾಲ್ ಸಿಗುತ್ತಿದ್ದದ್ದು ಮಧ್ಯ ಏಷ್ಯಾದ ಬದಖ್ಶಾನ್‌ನಲ್ಲಿ. 11ನೆಯ ಶತಮಾನದಲ್ಲೇ ಘಜ್ನಿಯ ಆಸ್ಥಾನದಲ್ಲಿದ್ದ ವಿದ್ವಾಂಸ ಅಲ್‌ಬಿರೂನಿ ಹರಳುಗಳನ್ನು ನೀರಿನಲ್ಲಿ ಮುಳುಗಿಸಿ, ಉಕ್ಕಿದ ನೀರನ್ನು ತೂಗಿ, ಲಾಲ್ ಯಾಕೂತ್‌ಗಿಂತ ಹಗುರ ಎಂದು ಕಂಡುಕೊಂಡಿದ್ದ. ಅದು ಹೆಚ್ಚು ಮೃದು ಎಂದೂ ಬರೆದಿದ್ದ.

ನಮ್ಮ ರತ್ನಶಾಸ್ತ್ರಗಳೂ ಸುಮ್ಮನಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲೂ ರತ್ನಗಳ ವಿಚಾರವಿದೆ. ಸಂಸ್ಕೃತ ಗ್ರಂಥಗಳು ಮಾಣಿಕ್ಯದ ಬಣ್ಣವನ್ನು ದಾಳಿಂಬೆ ಬೀಜಕ್ಕೆ, ಅರಗಿನ ರಸಕ್ಕೆ, ಕೋಗಿಲೆಯ ಕಣ್ಣಿಗೆ ಹೋಲಿಸುತ್ತವೆ. ಅಷ್ಟಕ್ಕೇ ನಿಲ್ಲುವುದಿಲ್ಲ. ವಜ್ರ ಮತ್ತು ಕುರುವಿಂದ ಬಿಟ್ಟು ಬೇರೆ ಯಾವುದೂ ಪದ್ಮರಾಗವನ್ನು ಗೀರಲಾರದು ಎಂದು ಗರುಡಪುರಾಣ ಹೇಳುತ್ತದೆ. ಇಂದಿನ ಮೋಸ್ ಗಡಸುತನದ ಅಳತೆಯಲ್ಲಿ ವಜ್ರ 10, ಮಾಣಿಕ್ಯ 9, ಸ್ಪಿನೆಲ್ 8. ಶಾಸ್ತ್ರದ ಮಾತು ಇದಕ್ಕೆ ಹೊಂದುತ್ತದೆ.

ಯುರೋಪಿನಲ್ಲಿ ಮಾತ್ರ ಲಾಲ್ ‘ಬಲಾಸ್ ರೂಬಿ’ ಆಯಿತು. ಬಲಾಸ್ ಎಂಬುದು ಬದಖ್ಶಾನ್ ಹೆಸರಿನಿಂದಲೇ ಬಂದದ್ದು. ಊರಿನ ಹೆಸರು ಉಳಿಯಿತು, ಹರಳಿನ ಹೆಸರು ಹೋಯಿತು. ಎರಡು ವಸ್ತುಗಳನ್ನು ಒಂದೇ ಹೆಸರಿನಡಿ ದಾಖಲಿಸಿದರೆ ಮುಂದೆ ಬಿಡಿಸುವುದು ಎಷ್ಟು ಕಷ್ಟವೆಂದು ನನ್ನಂಥ ಸಾಫ್ಟ್‌ವೇರ್‌ನವರಿಗೆ ಹೇಳಬೇಕಿಲ್ಲ. 1783ರಲ್ಲಿ ಫ್ರಾನ್ಸಿನ ರೋಮೆ ದ ಲೀಲ್ ಇವೆರಡನ್ನೂ ಬೇರ್ಪಡಿಸಿದ.

ಎರಡಕ್ಕೂ ಕೆಂಪು ಕೊಡುವುದು ಕ್ರೋಮಿಯಂ. ಆದರೆ ಮಾಣಿಕ್ಯ ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಮೆಗ್ನೀಷಿಯಂ ಕೂಡ ಇದೆ. ಮಾಣಿಕ್ಯದ ಸಾಪೇಕ್ಷ ಸಾಂದ್ರತೆ ಸುಮಾರು 4, ಸ್ಪಿನೆಲ್‌ನದು 3.6. ಮಾಣಿಕ್ಯವನ್ನು ಹೊರಳಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ನೇರಳೆಗೆಂಪು, ಇನ್ನೊಂದರಲ್ಲಿ ಕಿತ್ತಳೆಗೆಂಪು ಕಾಣುತ್ತದೆ. ಸ್ಪಿನೆಲ್ ಎತ್ತಲಿಂದ ನೋಡಿದರೂ ಒಂದೇ ಬಣ್ಣ.

1902ರಲ್ಲಿ ಫ್ರಾನ್ಸಿನ ವೆರ್ನ್ಯೂಯಿ ಕುಲುಮೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಈ ಪರೀಕ್ಷೆಗಳೂ ಸಾಲದಾದವು. ಅದರ ತೂಕ, ಗಡಸುತನ ಎಲ್ಲ ಮಾಣಿಕ್ಯದವೇ. ಹರಳಿನ ಒಳಗಿನ ಬಾಗಿದ ಬೆಳವಣಿಗೆಯ ಗೆರೆಗಳು ಮತ್ತು ಗಾಳಿಗುಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹುಟ್ಟನ್ನು ಹೇಳಬೇಕು. ಹಳೆಯ ಒಡವೆಯಾದ್ದರಿಂದ ಹರಳು ಗಣಿಯದೇ ಎಂಬ ನಂಬಿಕೆಗೆ ಅಂದಿನಿಂದ ಆಧಾರವಿಲ್ಲ.

ಮನೆಯ ಕೆಂಪು ಸ್ಪಿನೆಲ್ ಎಂದು ತಿಳಿದರೆ ಅದು ನಕಲಿಯಾಗುವುದಿಲ್ಲ. ಜಹಾಂಗೀರ್ ತನ್ನ ಹೆಸರು ಕೆತ್ತಿಸಿದ್ದು ಲಾಲ್ ಮೇಲೆ, ಲಾಲ್ ಎಂದು ತಿಳಿದೇ. ಮೋಸ ಕಲ್ಲಿನಲ್ಲಿಲ್ಲ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದರಲ್ಲಿದೆ. ಆದ್ದರಿಂದ ರಸೀದಿಯಲ್ಲಿ ಚಿನ್ನದ ತೂಕದ ಜೊತೆಗೆ ಹರಳಿನ ಹೆಸರನ್ನೂ, ಅದು ಗಣಿಯದೋ ಕುಲುಮೆಯದೋ ಎಂಬುದನ್ನೂ ಬರೆಸಿಕೊಳ್ಳಿ. ‘ಕೆಂಪು ಕಲ್ಲು’ ಎಂದಷ್ಟೇ ಬರೆದರೆ ಒಪ್ಪಬೇಡಿ.