ಒಂದೇ ಸಂದೇಶ, ಹಲವು ಬಾಗಿಲು

ಮಳೆಗಾಲ ಬಂತೆಂದರೆ ಮಿರಜಿನ ವಾಟ್ಸಾಪ್ ಗುಂಪುಗಳಲ್ಲಿ ಸಾಂಗಲಿಯ ಐರ್ವಿನ್ ಸೇತುವೆಯ ನೀರಿನ ಮಟ್ಟದ್ದೇ ಮಾತು. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. ಮರಾಠಿಯಲ್ಲಿ ಹೊರಟ ಅಂಕಿ ಕನ್ನಡಕ್ಕೆ ತಿರುಗಿ, ಕೃಷ್ಣೆಗಿಂತ ಮೊದಲೇ ಅಥಣಿ, ಚಿಕ್ಕೋಡಿ ಮುಟ್ಟುತ್ತದೆ. ಅಡ್ಮಿನ್ ಮಾತ್ರ ಬರೆಯಬಲ್ಲ ಗುಂಪಿನಿಂದ ಯಾರು ಏನು ಬೇಕಾದರೂ ಹಾಕಬಹುದಾದ ಗುಂಪಿಗೆ ಹೋಗುವ ಈ ಹಾದಿ ಇಂದು ನಿನ್ನೆಯದಲ್ಲ. ನನ್ನ ಲೆಕ್ಕದಲ್ಲಿ ಅದರ ಇತಿಹಾಸವೆಂದರೆ ಕಾವಲುಗಾರ ಅಧಿಕಾರ ಕಳೆದುಕೊಂಡ ಕಥೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಯೂಸ್‌ನೆಟ್ ಎಂಬ ಚರ್ಚಾಗುಂಪುಗಳ ಜಾಲವನ್ನು ಕಲ್ಪಿಸಿದರು. ಅಲ್ಲಿ ಬರಹ ಯಾವ ಯಾವ ಗುಂಪಿಗೆ ಹೋಗಬೇಕೆಂಬುದನ್ನು ಅದರ ತಲೆಯಲ್ಲೇ ಅಲ್ಪವಿರಾಮ ಹಾಕಿ ಬರೆಯುತ್ತಿದ್ದರು. ಇದೇ ಕ್ರಾಸ್‌ಪೋಸ್ಟಿಂಗ್. ಸರ್ವರ್‌ನಲ್ಲಿ ಇರುವ ಪ್ರತಿ ಒಂದೇ, ಕಾಣುವುದು ಹಲವು ಕಡೆ.

ಆ ಪಟ್ಟಿಯಲ್ಲಿ ಮಾಡರೇಟರ್ ಇರುವ ಗುಂಪು ಒಂದೇ ಒಂದು ಸೇರಿಕೊಂಡರೂ ಆಟವೇ ಬೇರೆ. ತೊಂಬತ್ತರ ದಶಕದಲ್ಲಿ ‘ಸಾಕ್.ಕಲ್ಚರ್.ಇಂಡಿಯನ್’ ಹೆಸರಿನಡಿ ‘ಕರ್ನಾಟಕ’, ‘ಮರಾಠಿ’ ಎಂಬ ತೆರೆದ ಗುಂಪುಗಳಿದ್ದವು. ‘ಇನ್ಫೋ’ ಎಂಬುದಕ್ಕೆ ಮಾಡರೇಟರ್ ಇದ್ದರು. ಗಡಿಯ ವಿಷಯ ಬರೆದು ಯಾರೋ ಮೂರಕ್ಕೂ ಒಟ್ಟಿಗೆ ಹಾಕಿದರೆನ್ನಿ. ಸರ್ವರ್ ಅದನ್ನು ಎಲ್ಲೂ ತೋರಿಸದೆ ‘ಇನ್ಫೋ’ ಮಾಡರೇಟರ್‌ಗೆ ಇ-ಮೇಲ್ ಮಾಡಬೇಕು. ಅವರು ‘ಅಪ್ರೂವ್ಡ್’ ಎಂಬ ಸಾಲು ಸೇರಿಸಿ ಬಿಟ್ಟರೆ ಮೂರರಲ್ಲೂ ಪ್ರಕಟ, ಇಲ್ಲವಾದರೆ ತೆರೆದ ಗುಂಪಿನವರಿಗೂ ಇಲ್ಲ. ಅವರು ರಜೆಯ ಮೇಲೆ ಹೋದರೆ ಬೆಳಗಾವಿಯ ಜಗಳವೂ ಕಾಯಬೇಕು! ಇಂಥ ಗುಂಪು ಎರಡಿದ್ದರೆ ಪಟ್ಟಿಯಲ್ಲಿ ಮೊದಲು ಬಂದದ್ದರ ಮಾಡರೇಟರ್‌ಗೆ ಕಳಿಸಬೇಕೆಂದು 2009ರ ನಿಯಮಾವಳಿ ಹೇಳಿತು. ಆದರೆ ಆ ‘ಅಪ್ರೂವ್ಡ್’ ಸಾಲನ್ನು ಗೊತ್ತಿದ್ದವರು ಯಾರಾದರೂ ತಾವೇ ಬರೆದುಕೊಳ್ಳಬಹುದಿತ್ತು. ವ್ಯವಸ್ಥೆ ನಿಂತದ್ದು ನಂಬಿಕೆಯ ಮೇಲೆ.

1994ರ ಏಪ್ರಿಲ್‌ನಲ್ಲಿ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಗ್ರೀನ್‌ಕಾರ್ಡ್ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಸುರಿದರು. ಕ್ರಾಸ್‌ಪೋಸ್ಟ್ ಮಾಡಲಿಲ್ಲ, ಗುಂಪಿಗೊಂದು ಬೇರೆ ಪ್ರತಿ. ವಾಟ್ಸಾಪಿನ ಫಾರ್ವರ್ಡ್ ನಡೆಯುವುದು ಇದೇ ದಂಪತಿಯ ದಾರಿಯಲ್ಲಿ. ನಡುವೆ ಬಂದುಹೋದ ಯಾಹೂ ಗುಂಪುಗಳಲ್ಲೂ ಕಾವಲು ಆಯಾ ಗುಂಪಿಗಷ್ಟೇ ಸೀಮಿತವಾಗಿತ್ತು.

2019ರ ಆಗಸ್ಟ್‌ನಲ್ಲಿ ಐರ್ವಿನ್ ಸೇತುವೆಯಲ್ಲಿ ನೀರು 57 ಅಡಿ ದಾಟಿತು. ಅಂಥ ಹೊತ್ತಿನಲ್ಲಿ ‘ಕೊಯ್ನಾ ಗೇಟ್ ತಗದಾರ, ರಾತ್ರಿ ನೀರ ಬರತೈತಿ’ ಎಂಬಂಥ ಸಾಲು ಹೇಗೆ ಓಡುತ್ತದೆ ನೋಡಿ. ಮೂಲ ಸಂದೇಶದಲ್ಲಿ ತಾರೀಖು, ಗಂಟೆ ಇರುತ್ತವೆ. ಯಾರೋ ನಕಲು ಮಾಡುವಾಗ ಮೇಲಿನ ಸಾಲು ಬಿಟ್ಟುಹೋಗುತ್ತದೆ. ಮೂರನೆಯ ಗುಂಪಿಗೆ ಬರುವಾಗ ‘ರಾತ್ರಿ’ ಯಾವ ರಾತ್ರಿಯೋ ತಿಳಿಯದು. ಎರಡು ದಿನದ ಹಿಂದಿನ ಸುದ್ದಿಗೆ ಜನ ಗಂಟುಮೂಟೆ ಕಟ್ಟುತ್ತಾರೆ. ತಿದ್ದುಪಡಿ ಬಂದರೂ ಅದು ಮೂಲ ಗುಂಪಿನಲ್ಲೇ ಉಳಿಯುತ್ತದೆ. ಯೂಸ್‌ನೆಟ್‌ನಲ್ಲಿ ಬರೆದವರು ರದ್ದತಿ ಸಂದೇಶ ಕಳಿಸಿದರೆ, ಅದನ್ನು ಮಾನ್ಯ ಮಾಡುವ ಸರ್ವರ್‌ಗಳಲ್ಲಿ ಎಲ್ಲ ಗುಂಪುಗಳಿಂದಲೂ ಬರಹ ಹೋಗುತ್ತಿತ್ತು. ಇಲ್ಲಿ ಪ್ರತಿಗಳಿಗೆ ಪರಸ್ಪರ ಸಂಬಂಧವೇ ಇಲ್ಲ.

ಇಂಥ ಫಾರ್ವರ್ಡ್‌ಗಳ ಬೆಲೆ ಆ ಪ್ರವಾಹಕ್ಕೂ ಮೊದಲೇ ಕಂಡಿತ್ತು. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐವರು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ಘೋಷಿಸಿತು. 2020ರ ಏಪ್ರಿಲ್‌ನಿಂದ, ಹಲವು ಸಲ ಕೈಬದಲಾದ ಸಂದೇಶಕ್ಕೆ ಒಂದೇ ಕಡೆ. ವೇಗಕ್ಕೆ ಕಡಿವಾಣ ಬಿತ್ತು ನಿಜ, ಆದರೆ ಸಂದೇಶದಲ್ಲಿ ಏನಿದೆಯೆಂದು ನೋಡುವವರು ಯಾರೂ ಬರಲಿಲ್ಲ.

ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯೇ? ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಸಮಾನ ಉದ್ದೇಶವಿದ್ದ ಹೊರತು ಅಲ್ಲ ಎಂದಿತು. ಅಡ್ಮಿನ್ ಸದಸ್ಯರನ್ನು ಸೇರಿಸಬಲ್ಲ, ತೆಗೆಯಬಲ್ಲ; ಹಾಕುವ ಮುನ್ನ ಪರಿಶೀಲಿಸುವ ಅಧಿಕಾರ ಅವನಿಗಿಲ್ಲ ಎಂಬುದು ಅದರ ಕಾರಣ. ಹಾಕಿದ ಮೇಲೆ ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ ಅಡ್ಮಿನ್‌ಗೆ 2022ರಲ್ಲಿ ಸಿಕ್ಕಿತು. ಅದು ಅವನ ಗುಂಪಿನೊಳಗೆ ಮಾತ್ರ. ಫಾರ್ವರ್ಡ್ ಆಗಿ ಹೊರಬಿದ್ದ ಪ್ರತಿಯನ್ನು ಆ ಅಳಿಸುವಿಕೆ ಮುಟ್ಟುವುದಿಲ್ಲ.